ಗುರಿಮೊನೆಗೆ ಕೆಂಪು ಬಣ್ಣ

ಕರಿಯ ರಿವಾಲ್ವರಿಗೆ ಕರಿಯದೇ ಗುರಿಮೊನೆ ಕೂರಿಸಿ, ಅದನ್ನು ಹಿಡಿದು ಕರಿಯ ಬೊಟ್ಟಿಗೆ ಹೊಡೆಯಿರಿ ಎಂದವನು ಯಾವನೋ, ಅವನಿಗೆ ಒಂದೇ ಒಂದು ದಿನ ಐವತ್ತು ದಾಟಿದ ಕಣ್ಣು ಕೊಡಿಸಬೇಕೆಂದು ನನಗೆ ಬಹಳ ಆಸೆ. ಅವನ ಶಾಪ ತಟ್ಟಿದ ಹಾಗೆ ನನಗೆ ಚಾಳೀಸು ಬಂದಿದೆ. ಓದುವ ಕನ್ನಡಕ ಹಾಕಿದರೆ ಗುರಿ ಮಾಯ, ತೆಗೆದರೆ ಮೊನೆ ಮಾಯ.

ಮೊನೆ ಎಂದರೆ ನಳಿಗೆಯ ತುದಿಯಲ್ಲಿ, ಮೇಲ್ಗಡೆ, ತೊಗರಿಕಾಳಿನಷ್ಟು ಎದ್ದು ನಿಂತ ಕಬ್ಬಿಣ. ನಮ್ಮ ಕಣ್ಣಿನ ಕಡೆಗೆ ಒಂದು ಕಚ್ಚು ಇರುತ್ತದೆ. ಕಚ್ಚಿನ ನಡುವೆ ಮೊನೆ ಕಾಣಬೇಕು, ಮೊನೆಯ ನೇರಕ್ಕೆ ಗುರಿ ಬರಬೇಕು. ಎರಡು ಬಿಂದುಗಳ ನಡುವೆ ಒಂದೇ ಸರಳರೇಖೆ ಎಂದು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವಳು ನಾನು. ಆದರೆ ಎರಡರಲ್ಲಿ ಒಂದು ಬಿಂದು ಕಾಣದೇ ಹೋದರೆ ರೇಖೆ ಎಲ್ಲಿಗೆ ಹೋಗುತ್ತದೆಂದು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ.

ಲೆಕ್ಕದ ಟೀಚರಿಗೆ ರಿವಾಲ್ವರ್ ಯಾಕೆ ಎಂದು ನೀವೂ ಕೇಳಬೇಡಿ, ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಅದು ನಮ್ಮಪ್ಪನದು. ಆದಿವಾಲದಲ್ಲಿದ್ದುಕೊಂಡು ಹತ್ತಿ ವ್ಯಾಪಾರ ಮಾಡುತ್ತಿದ್ದ ಅಪ್ಪ, ಊರೂರು ತಿರುಗುವಾಗ ಸೊಂಟದಲ್ಲಿ ಅದನ್ನು ಇಟ್ಟುಕೊಳ್ಳುತ್ತಿದ್ದರು. ಒಂದು ದಿನವೂ ಯಾರ ಮೇಲೂ ಎತ್ತಿದವರಲ್ಲ. ಹೊಡೆಯುವುದನ್ನು ನನಗೂ ನನ್ನ ತಮ್ಮ ನಾಗರಾಜನಿಗೂ ಒಟ್ಟಿಗೇ ಕಲಿಸಿದರು. ಢಂ ಅನ್ನುವ ಮೊದಲೇ ನಾಗರಾಜ ಎರಡೂ ಕಣ್ಣು ಮುಚ್ಚಿಬಿಡುತ್ತಿದ್ದ. ಹೀಗಾಗಿ ಕೊನೆಗಾಲದಲ್ಲಿ ಅಪ್ಪ, "ಇದು ನನ್ನ ಮಗಳಿಗಿರಲಿ" ಎಂದರು. ಪರವಾನಗಿ ನನ್ನ ಹೆಸರಿಗೆ ಬಂತು.

ಚಿತ್ರದುರ್ಗದಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ನಾಗರಾಜನಿಗೆ ಆ ಮಾತು ಇವತ್ತಿಗೂ ಅರಗಿಲ್ಲ. ಹಬ್ಬಕ್ಕೆ ಬಂದವನು ನಾನು ಸೂಜಿಗೆ ದಾರ ಪೋಣಿಸಲು ಒದ್ದಾಡುವುದನ್ನು ನೋಡಿ, "ಅಕ್ಕಾ, ಸೂಜಿ ಕಣ್ಣೇ ಕಾಣ್ದೋಳಿಗೆ ರಿವಾಲ್ವರ್ ಯಾಕೆ? ನನ್ನ ಹೆಸ್ರಿಗೆ ಮಾಡ್ಸಿ ಬಿಡು. ಅಪ್ಪನ ನೆನಪು ಗಂಡುಮಕ್ಕಳ ಮನ್ಯಾಗಿದ್ರೆ ಚೆಂದ" ಎಂದ. ನನಗೆ ಸಿಟ್ಟು ನೆತ್ತಿಗೇರಿತು. "ಗುರಿಗೆ ಹೊಡೆದು ತೋರಿಸ್ತೀನಿ. ತಪ್ಪಿದ್ರೆ ನೀನೇ ತಗಂಡು ಹೋಗು" ಎಂದುಬಿಟ್ಟೆ. ಚಿತ್ರದುರ್ಗದ ಆಚೆಗಿನ ಮೈದಾನದಲ್ಲಿ ಪರವಾನಗಿ ಇದ್ದವರಿಗೆ ಅಭ್ಯಾಸಕ್ಕೆ ಬಿಡುವ ದಿನವೇ ಪಂದ್ಯ ಎಂದು ನಿಶ್ಚಯವಾಯಿತು. ಬಾಯಿ ನನ್ನದು, ಆದರೆ ಕಣ್ಣು?

ಮೊನೆಗೆ ಬಣ್ಣ ಹಚ್ಚಿದರೆ ಮಸುಕಾಗಿಯಾದರೂ ಎದ್ದು ಕಾಣುತ್ತದೆ ಎಂದು ಬಲ್ಲವರು ಹೇಳಿದ್ದರು. ನನ್ನ ಉಗುರುಬಣ್ಣವನ್ನೇ ಹಚ್ಚಿದೆ. ಎಣ್ಣೆಜಿಡ್ಡಿನ ಕಬ್ಬಿಣ ಅದನ್ನು ಹಿಡಿಯದೆ ಮಾರನೇ ದಿನವೇ ಸಿಪ್ಪೆ ಬಿಡಿಸಿದ ಹಾಗೆ ಬಿಟ್ಟುಕೊಟ್ಟಿತು. ಕಬ್ಬಿಣದ ಮೇಲೆ ನಿಲ್ಲುವ ಬಣ್ಣ ಬೇಕೆಂದರೆ ಹಿರಿಯೂರಿನ ದಸ್ತಗೀರಣ್ಣನೇ ಸರಿ. ಅವರದು ತಲೆಮಾರುಗಳಿಂದ ಬಣ್ಣದ ಕೈ. ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಲಾರಿಗಳಿಗೆ ಹೂವು, ಹದ್ದು, ಹುಲಿ ಬರೆಯುತ್ತಾರೆ. ಗುಂಡುಗಳನ್ನು ಬೀರುವಿನಲ್ಲೇ ಬಿಟ್ಟು, ಖಾಲಿ ರಿವಾಲ್ವರನ್ನೂ ಪರವಾನಗಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ.

"ದಸ್ತಗೀರಣ್ಣ, ಈ ತುದಿ ಚೆನ್ನಾಗಿ ಕಾಣಂಗೆ ಬಣ್ಣ ಹೊಡೀಬೇಕು."

"ಬರ್ರಿ ಟೀಚರಮ್ಮಾರೆ, ಕುಂತ್ಕಳ್ರಿ. ಮೈಲಿಯಿಂದ ಕಾಣಂಗೆ ಹೊಡಿತೀನಿ."

ಪಕ್ಕದಲ್ಲೇ ಸ್ಟೂಲಿನ ಮೇಲೆ ಕುಳಿತೆ. ಅವರು ಜಿಡ್ಡು ಒರೆಸಿ, ಮೊದಲು ಬಿಳಿ, ಅದು ಒಣಗಿದ ಮೇಲೆ ಕೆಂಪು, ಎಷ್ಟು ಭಕ್ತಿಯಿಂದ ಹಚ್ಚಿದರೆಂದರೆ ನನಗೆ ಕಣ್ಣು ತುಂಬಿ ಬಂತು. ಎತ್ತಿ ತೋರಿಸಿದಾಗ ತುದಿಯಲ್ಲಿ ಕೆಂಪು ಕಂಡಿತು. ಓದುವ ಕನ್ನಡಕ ಮನೆಯಲ್ಲಿತ್ತು. ಹಿಗ್ಗಿಕೊಂಡು ಬಟ್ಟೆ ಸುತ್ತಿ ತಂದೆ.

ಮೈದಾನದಲ್ಲಿ ನಾಗರಾಜ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಣ್ಣು ನೋಡಲು ಬಂದವನ ಹಾಗೆ ನಿಂತಿದ್ದ. ಉಸ್ತುವಾರಿಯ ಹವಾಲ್ದಾರರು ರಿವಾಲ್ವರ್ ತೆಗೆದುಕೊಂಡು ತಿರುಗಿಸಿ ನೋಡಿ, "ಏನ್ರಿ ಮೇಡಂ, ಆಯುಧಪೂಜೆ ಕುಂಕುಮ ಇನ್ನೂ ಒರೆಸಿಲ್ಲಲ್ರಿ?" ಎಂದು ನಕ್ಕರು. ನಾನೂ ನಕ್ಕೆ. ಜಾಗಕ್ಕೆ ಹೋಗಿ ಕೈ ಚಾಚಿ ಕಚ್ಚಿನಲ್ಲಿ ನೋಡುತ್ತೇನೆ, ಮೊನೆ ಹಳೆಯ ಕರಿ ಮೊನೆಯೇ! ದಸ್ತಗೀರಣ್ಣ ಬಣ್ಣ ಹಚ್ಚಿದ್ದು ಮೊನೆಯ ಆಚೆ ಮಗ್ಗುಲಿಗೆ, ಗುರಿಯ ಕಡೆಗೆ. ಅಲ್ಲಿ ನಿಂತಿದ್ದ ರಟ್ಟಿನ ಹಲಗೆಗೆ ನನ್ನ ಮೊನೆ ಮೈಲಿಯಿಂದಲೂ ಕಾಣುತ್ತಿತ್ತು. ಕಾಣದಿದ್ದವಳು ನಾನೊಬ್ಬಳೇ.

ಆ ಹೊತ್ತಿನಲ್ಲಿ ನನಗೆ ಬಂದ ಸಿಟ್ಟು ದಸ್ತಗೀರಣ್ಣನೊಬ್ಬರ ಮೇಲಿನದಾಗಿರಲಿಲ್ಲ. ಈ ಸೀಮೆಯಲ್ಲಿ ಬಣ್ಣವೆಂಬ ಬಣ್ಣವೆಲ್ಲ ಎದುರಿಗೆ ಬರುವವನಿಗೇ ಮೀಸಲು. ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡು ಮುಂದಕ್ಕೊಂದೇ. ಹಿಂದಿನಿಂದ ಓಡಿಬರುವ ಹೆಂಗಸು, ಅದು ಹಾಲುರಾಮೇಶ್ವರಕ್ಕೆ ಹೋಗುತ್ತದೋ ಇಲ್ಲವೋ ಎಂದು ತಿಳಿಯಲು ಬಸ್ಸನ್ನೇ ಸುತ್ತಿ ಬರಬೇಕು. ಸೀರೆಯ ಸೆರಗಿನಲ್ಲಿ ಜರಿಯೋ ಜರಿ, ಒಳಗೆ ಅರ್ಧ ಸೀರೆ ಬೋಳು. ನಮ್ಮದೇ ಮನೆ ನೋಡಿ. ಬೀದಿಯ ಗೋಡೆಗೆ ಗುಲಾಬಿ ಬಣ್ಣ, ಅಂಚಿಗೆ ಬಂಗಾರದ ಗೆರೆ. ಹಿತ್ತಲ ಗೋಡೆಗೆ ಮಾತ್ರ ಬರೀ ಸಿಮೆಂಟು. "ಹಿಂದ್ಗಡೆ ಯಾರು ನೋಡ್ತಾರೆ?" ಎಂದು ಆಗ ತೀರ್ಪು ಕೊಟ್ಟವನು ಇದೇ ನಾಗರಾಜ, ಎಲ್ಲರೂ ಹೌದೆಂದರು, ನಾನೂ ಸುಮ್ಮನಿದ್ದೆ. ಬೆಳಿಗ್ಗೆ ಪಾತ್ರೆ ತಿಕ್ಕುವಾಗ, ಸಂಜೆ ಬಟ್ಟೆ ಒಗೆಯುವಾಗ ಆ ಬೋಳು ಗೋಡೆಯ ಮುಖ ನೋಡುವವಳು ನಾನು.

"ಏನಕ್ಕಾ, ಕಾಣ್ತಿಲ್ವಾ?" ಎಂದ ನಾಗರಾಜ, ಬಹಳ ಪ್ರೀತಿಯಿಂದ. ಆ ಪ್ರೀತಿಗೆ ಮೈಯೆಲ್ಲ ಉರಿಯಿತು. ಅಪ್ಪನ ರಿವಾಲ್ವರ್ ಇವನ ಶೋಕೇಸಿನಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ, ಪ್ಲಾಸ್ಟಿಕ್ ಹೂವಿನ ಪಕ್ಕ ಕೂರುವ ಚಿತ್ರ ಕಣ್ಣಿಗೆ ಕಟ್ಟಿತು. ರಿವಾಲ್ವರನ್ನು ಮೇಜಿನ ಮೇಲಿಟ್ಟು ಚೀಲಕ್ಕೆ ಕೈ ಹಾಕಿದೆ. ಟೀಚರ ಚೀಲದಲ್ಲಿ ಬೇರೇನಿರಲಿ ಇಲ್ಲದಿರಲಿ, ಸೀಮೆಸುಣ್ಣದ ಚೂರೊಂದು ಇದ್ದೇ ಇರುತ್ತದೆ. ಮೊನೆಯ ಈಚೆ ಮಗ್ಗುಲಿಗೆ, ನನ್ನ ಕಡೆಗೆ, ಅದನ್ನು ಹಲ್ಲು ಕಚ್ಚಿಕೊಂಡು ಉಜ್ಜಿದೆ. ಕರಿಹಲಗೆಯ ಮೇಲೆ ಬಿಳಿ ಚುಕ್ಕಿ ಇಟ್ಟ ಹಾಗಾಯಿತು. ಆ ಚುಕ್ಕಿ ನನಗೆ ಹೊಸದಲ್ಲ, ಇಷ್ಟು ವರ್ಷ ಅದನ್ನೇ ನೋಡಿಕೊಂಡು ಬಂದ ಕಣ್ಣು ಇದು.

ಮೊದಲ ಗುಂಡು ಹಲಗೆಯ ಅಂಚು ಕಿತ್ತುಕೊಂಡು ಹೋಯಿತು. ಉಸಿರು ಬಿಗಿಹಿಡಿದು ಹೊಡೆದ ಎರಡನೆಯದು ಕರಿಬೊಟ್ಟಿನೊಳಗೆ. ಅದರ ಹಿಂದೆಯೇ ಇನ್ನೊಂದೂ ಒಳಗೆ. ತಿರುಗಿ ನೋಡಿದರೆ ನಾಗರಾಜ ಇನ್ನೂ ಎರಡೂ ಕಣ್ಣು ಮುಚ್ಚಿಕೊಂಡೇ ನಿಂತಿದ್ದ. ಕಣ್ಣು ಬಿಟ್ಟವನು, "ಸೀಮೆಸುಣ್ಣ ಹಚ್ಚಿ ಹೊಡೆದ್ರೆ ಲೆಕ್ಕಕ್ಕಿಲ್ಲ" ಎಂದು ತಗಾದೆ ತೆಗೆದ.

"ಹಲಗೆ ಮ್ಯಾಲೆ ಬಿದ್ದಿರೋದು ಗುಂಡು ಕಣಪ್ಪ, ಸುಣ್ಣ ಅಲ್ಲ" ಎಂದರು ಹವಾಲ್ದಾರರು. ಮಾತು ಅಲ್ಲಿಗೆ ಮುಗಿಯಿತು.

ಜಗಳ ಮಾತ್ರ ಮುಗಿದಿರಲಿಲ್ಲ. ನೇರ ಹಿರಿಯೂರಿಗೆ ಹೋಗಿ ದಸ್ತಗೀರಣ್ಣನನ್ನು ತರಾಟೆಗೆ ತೆಗೆದುಕೊಂಡೆ. ಅವರು ಕುಂಚ ಕೆಳಗಿಡದೆ, "ಅಲ್ರೀ ಟೀಚರಮ್ಮಾರೆ, ಲಾರಿ ಮ್ಯಾಲೆ ಬರೆದಿದ್ದನ್ನ ಯಾವ ಡ್ರೈವರ್ ಓದ್ತಾನ್ರಿ? ಎದುರಿಗೆ ಬರೋನಿಗೆ ಕಾಣ್ಲಿ ಅಂತ ತಾನೆ ಬಣ್ಣ ಐತೆ? ತನಗೆ ಕಾಣಂಗೆ ಹೊಡಿ ಅಂದ ಓನರ್ ಇಲ್ಲೀವರ್ಗೂ ಒಬ್ನೂ ಇಲ್ಲ" ಎಂದರು.

"ಹಂಗಾದ್ರೆ ನಾನೇ ಮೊದಲ್ನೆಯೋಳು. ಭಾನುವಾರ ಡಬ್ಬ ತಗಂಡು ಹೊಳಲ್ಕೆರೆಗೆ ಬರ್ರಿ" ಎಂದೆ.

ಬಂದರು. ಹಿತ್ತಲ ಗೋಡೆಗೆ ಹಸಿರು ಬಳಿದು, ನಾನು ಕೇಳದಿದ್ದರೂ ಒಂದು ಮೂಲೆಯಲ್ಲಿ ಕೆಂಪು ಹೂವೂ ಬರೆದರು. ಸುದ್ದಿ ತಿಳಿದ ನಾಗರಾಜ ಕಾರು ಹತ್ತಿ ಬಂದು, ಸೊಂಟದ ಮೇಲೆ ಕೈಯಿಟ್ಟು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ.

"ಇಷ್ಟು ಚೆಂದ ಹೊಡ್ಸಿದೀಯಲ್ಲಕ್ಕ, ಹಿಂದ್ಗಡೆ ಯಾರು ನೋಡ್ತಾರೆ?"

ನಾನು ತಿಕ್ಕುತ್ತಿದ್ದ ಪಾತ್ರೆಯಿಂದ ತಲೆಯೆತ್ತಿದೆ.

"ನಾನು" ಎಂದೆ.