ಏರಿನಲ್ಲಿ ಒಂದು ನಿಮಿಷ ಮೌನ

ಬೆಳಗಿನ ನಾಲ್ಕೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಊರವರೆಲ್ಲ ಕಾರಕ್ಕ ಎಂದೇ ಕರೆಯುವ ಅವರು ಸ್ವೆಟರಿನ ತೋಳು ಸರಿಸಿ, ನೆಲಕ್ಕೆ ಮಂಡಿಯೂರಿ, ಕಾರಿನ ಅಡಿಯಿಂದ ರಟ್ಟಿನ ಹಾಳೆಯೊಂದನ್ನು ಎಳೆಯುತ್ತಾರೆ. ಹಿಂದಿನ ಸಂಜೆ ಹಾಸಿಟ್ಟ ರಟ್ಟು ಅದು. ಅದರ ಮೇಲೆ ಬಿದ್ದ ಹನಿಗಳನ್ನು ಟಾರ್ಚಿನ ಬೆಳಕಲ್ಲಿ ಒಂದೊಂದಾಗಿ ನೋಡುತ್ತಾರೆ. ಕಪ್ಪು ಹನಿ ಮೂರು, ಎಂಜಿನ್ನಿನದು, ನಿನ್ನೆ ಇದ್ದಷ್ಟೇ. ಹಸಿರು ಹನಿ ಇಲ್ಲ, ರೇಡಿಯೇಟರ್ ಸುಖವಾಗಿದೆ.

"ಊರೆಲ್ಲ ಬೆಳಿಗ್ಗೆ ಎದ್ದು ಪೇಪರ್ ಓದುತ್ತೆ, ನಾನು ರಟ್ಟು ಓದ್ತೀನಿ. ನನ್ನದರಲ್ಲಿ ಸುಳ್ಳು ಸುದ್ದಿ ಇರಲ್ಲ" ಎನ್ನುತ್ತಾ ಕೈ ಒರೆಸಿಕೊಳ್ಳುತ್ತಾರೆ.

ಐದಕ್ಕೆ ಸರಿಯಾಗಿ ಮೇಷ್ಟ್ರ ಮನೆ ಬಾಗಿಲು. ಲೆಕ್ಕದ ಪಾಠ ಹೇಳಿ ನಿವೃತ್ತರಾದವರು. ಐದೂಹತ್ತಕ್ಕೆ ಟೈಲರಮ್ಮನ ಅಂಗಡಿಯ ಮೆಟ್ಟಿಲು. ಇಬ್ಬರಿಗೂ ಕಿಡ್ನಿ ಕೈಕೊಟ್ಟಿದೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ರಕ್ತ ಶುದ್ಧ ಮಾಡಿಸಿಕೊಳ್ಳಬೇಕು. ಆಸ್ಪತ್ರೆ ಹದಿನಾಲ್ಕು ಕಿಲೋಮೀಟರ್ ದೂರ. ಉಳಿದ ಮೂರು ದಿನ ಬೇರೆ ಮೂವರು. ಏಳು ವರ್ಷಗಳಿಂದ ಕಾರಕ್ಕನ ಬೆಳಗು ಹೀಗೇ. ಕಾರಿಗೆ ಇಪ್ಪತ್ತೊಂದು ವರ್ಷ. ಅದರ ಮೀಟರು ಮೂರು ಲಕ್ಷದ ಹನ್ನೆರಡು ಸಾವಿರಕ್ಕೆ ಬಂದು, ಇನ್ನು ಎಣಿಸಲಾರೆ ಎಂಬಂತೆ ನಿಂತುಬಿಟ್ಟಿದೆ.

ಮೊದಲು ಅದು ಡ್ರೈವಿಂಗ್ ಶಾಲೆಯ ಕಾರು. ಕಾರಕ್ಕ ಅಲ್ಲಿ ಕಲಿಸುತ್ತಿದ್ದರು. ಶಾಲೆಯವರು ಹೊಸ ಕಾರು ತಂದಾಗ ಹಳೆಯದನ್ನು ಇವರೇ ಕೊಂಡರು. ಕಲಿಸುವವರು ಪಕ್ಕದ ಸೀಟಿನಲ್ಲಿ ಕೂತು ಒತ್ತುತ್ತಿದ್ದ ಎರಡನೆಯ ಬ್ರೇಕು ಈಗಲೂ ಅಲ್ಲಿದೆ, ಸಂಪರ್ಕವಿಲ್ಲ ಅಷ್ಟೆ. ಎದುರಿಗೆ ಲಾರಿ ಬಂದರೆ ಮೇಷ್ಟ್ರ ಕಾಲು ತಾನಾಗಿ ಅದರ ಮೇಲೆ ಬೀಳುತ್ತದೆ. "ಒತ್ತಲಿ ಬಿಡಿ, ಅವರಿಗೊಂದು ಧೈರ್ಯ" ಎನ್ನುತ್ತಾರೆ ಕಾರಕ್ಕ.

ಡಯಾಲಿಸಿಸ್ಸಿನ ದಾರಿ ಹಿಡಿದದ್ದು ಅತ್ತೆಗಾಗಿ. ಮೂರು ವರ್ಷ ಕರೆದೊಯ್ದರು, ಒಂದು ದಿನ ಅತ್ತೆ ಹೋಗಿಬಿಟ್ಟರು. ಎಲ್ಲ ಮುಗಿದ ಮೇಲಿನ ಸೋಮವಾರ, ಕೈಕಾಲು ಅಭ್ಯಾಸದ ಮೇಲೆ ಐದಕ್ಕೆ ಕಾರು ತೆಗೆದವು. ಎಲ್ಲಿಗೆ ಹೋಗುವುದೆಂದು ತಿಳಿಯದೆ ಹೋಗುತ್ತಿದ್ದಾಗ, ಬಸ್ ನಿಲ್ದಾಣದಲ್ಲಿ ಟೈಲರಮ್ಮ ಒಬ್ಬರೇ ಕೂತಿದ್ದರು. ಅತ್ತೆಯ ಪಕ್ಕದ ಹಾಸಿಗೆಯವರು. "ಏನೂ ಕೇಳ್ಲಿಲ್ಲ ಕಣ್ರೀ, ಬಾಗಿಲು ತೆಗೆದಳು, ನಾನು ಹತ್ತಿದೆ" ಎಂದು ಟೈಲರಮ್ಮ ಈಗಲೂ ಹೇಳುತ್ತಾರೆ.

ಹೋದ ತಿಂಗಳು ಆ ಕಾರು ದಾರಿಯಲ್ಲಿ ನಿಂತಿತು. ಇಂಥ ತಪ್ಪು ಈ ಕಾರಿನಲ್ಲಲ್ಲದೆ ಬೇರೆಲ್ಲೂ ಆಗಲಾರದು. ಸೂಜಿಯ ಭಯಕ್ಕೆ ಮೇಷ್ಟ್ರು ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡೇ ಗುನುಗುತ್ತಾರೆ. ಸೇತುವೆಯ ಏರು ಬಂದರೆ ದನಿಯೂ ಏರುತ್ತದೆ. ಆಚೆ ಬದಿಯಲ್ಲೇ ಆಸ್ಪತ್ರೆ. ಎಂಜಿನ್ ತಣ್ಣಗಿಡುವ ನೀರಿನ ಪಂಪಿನ ಬೇರಿಂಗ್ ಸವೆದು ಅಂದು ಮೇಷ್ಟ್ರು ಹತ್ತಿದಾಗಿನಿಂದ ಕುಂಯ್‌ಗುಟ್ಟುತ್ತಿತ್ತು, ಅದೂ ಮೇಷ್ಟ್ರ ಶ್ರುತಿಯಲ್ಲೇ. ಕಾರಕ್ಕ ಅದನ್ನು ಮೇಷ್ಟ್ರೆಂದುಕೊಂಡರು. ಮೇಷ್ಟ್ರು ಕಾರು ತಮಗೆ ಜೊತೆ ಕೊಡುತ್ತಿದೆ ಎಂದುಕೊಂಡರು. ಕೊನೆಗೆ ಏರಿನ ನಡುವೆ ಬಾನೆಟ್ಟಿನಿಂದ ಹಬೆ ಎದ್ದಿತು.

ಇಬ್ಬರಿಗೂ ಏರು ಹತ್ತಿ ನಡೆಯಲಾಗದು; ಆ ಹೊತ್ತಿನಲ್ಲಿ ಬೇರೆ ಗಾಡಿ ಸಿಕ್ಕಿ ತಲುಪುವಾಗ ಒಂದೂವರೆ ಗಂಟೆ ತಡ. ಮುಂದಿನ ಸರದಿಯವರು ಕಾಯುತ್ತಿದ್ದರು. ಇಬ್ಬರಿಗೂ ಸಿಕ್ಕಿದ್ದು ಎರಡೂವರೆ ಗಂಟೆ. ಮೇಷ್ಟ್ರ ಪಾದ ಎರಡು ದಿನ ಊದಿಕೊಂಡಿತ್ತು; ಚಪ್ಪಲಿ ಹಾಕಲಾಗಲಿಲ್ಲ. ಅವರು ಒಂದು ಮಾತೂ ಆಡಲಿಲ್ಲ. "ಬೈದಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ ಕಾರಕ್ಕ.

ಗ್ಯಾರೇಜು ನಡೆಸುವ ತಮ್ಮ ಮಾತ್ರ ಸುಮ್ಮನಿರಲಿಲ್ಲ. "ಅಕ್ಕಾ, ಇದಕ್ಕೆ ಇನ್ನು ಮುಕ್ತಿ ಕೊಡು. ಹೊಸದು ತಗೋ" ಎಂದ. ಕಾರಕ್ಕನಿಗೂ ಹಾಗೇ ಅನ್ನಿಸಿತು. ಮೇಷ್ಟ್ರು, ಟೈಲರಮ್ಮ ಇಬ್ಬರನ್ನೂ ಕರೆದುಕೊಂಡೇ ಶೋರೂಮಿಗೆ ಹೋದರು.

"ಓಡಿಸಿ ನೋಡಿ ಮೇಡಂ" ಎಂದ ಮಾರುವ ಹುಡುಗ.

"ಓಡಿಸೋದು ಆಮೇಲಪ್ಪ. ಮೊದಲು ಇವರು ಇಳಿಯೋದು ನೋಡ್ಬೇಕು."

ಮೊದಲ ಕಾರಿನಲ್ಲಿ ಮೇಷ್ಟ್ರು ಸಲೀಸಾಗಿ ಕೂತರು. ಎಬ್ಬಿಸಲು ಇಬ್ಬರು ಬೇಕಾಯಿತು. ಎರಡನೆಯದರ ಬಾಗಿಲು ಅರ್ಧಕ್ಕೇ ನಿಂತಿತು. "ಹೊಲಿಗೆ ಚೆಂದ ಇದೆ, ಅಳತೆ ತಪ್ಪಿದೆ" ಎಂದು ಟೈಲರಮ್ಮ ಸೀಟು ಸವರಿದರು. ಮೂರನೆಯದು ಎಲ್ಲ ರೀತಿಯಲ್ಲೂ ಸರಿಯಾಗಿತ್ತು. ಅದರಲ್ಲಿ ಹತ್ತು ನಿಮಿಷ ಸುತ್ತಿ ಬಂದರು. ಒಳಗೆ ಒಂದಿಷ್ಟೂ ಸದ್ದಿಲ್ಲ. ಮೇಷ್ಟ್ರು ಗುನುಗಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು.

"ನನ್ನ ದನಿ ನನಗೇ ಕೇಳಿಸ್ತು ಕಣಮ್ಮ. ಇಷ್ಟು ದಿನ ಹಾಡ್ತಿದೀನಿ ಅಂದ್ಕೊಂಡಿದ್ದೆ. ಅದು ನರಳಾಟ."

ಕಾರಕ್ಕ ಕೀಲಿ ಹಿಂದಿರುಗಿಸಿದರು.

"ಇದು ಬರೀ ಸೆಂಟಿಮೆಂಟು" ಎಂದು ತಮ್ಮ ರೇಗಿದ.

"ಅಲ್ವೋ. ಇದರ ಕಾಯಿಲೆ ಒಂದೊಂದೂ ನನಗೆ ಗೊತ್ತು. ಹೊಸದರದ್ದು ಗೊತ್ತಾಗೋಕೆ ಹತ್ತು ವರ್ಷ ಬೇಕು. ಅಷ್ಟು ಟೈಮು ಇವರ ಹತ್ರ ಎಲ್ಲಿದೆ?"

"ನಮ್ಮನ್ನೂ ರಿಪೇರಿ ಮೇಲೇ ಓಡಿಸ್ತಿದಾರೆ, ಅದಕ್ಕೂ ಮಾಡಪ್ಪ" ಎಂದು ಮೇಷ್ಟ್ರು ದನಿಗೂಡಿಸಿದರು.

ತಮ್ಮ ಪಂಪು, ಬೆಲ್ಟು, ಪೈಪುಗಳನ್ನೆಲ್ಲ ಹೊಸದಾಗಿ ಹಾಕಿದ. ಇನ್ನು ಮೇಲೆ ಪ್ರತಿ ಭಾನುವಾರ ಪೂರ್ತಿ ಕಾರು ಅವನ ಗ್ಯಾರೇಜಿನಲ್ಲೇ ಇರಬೇಕು. ಜೊತೆಗೆ ಒಂದು ಕರಾರು: "ಇನ್ನೊಂದೇ ಒಂದು ಸಲ ದಾರೀಲಿ ನಿಂತ್ರೆ ಕೀಲಿ ನನ್ನ ಕೈಗೆ. ಆಗ ಅಳೋ ಹಾಗಿಲ್ಲ." ಕಾರಕ್ಕ ಒಪ್ಪಿದ್ದಾರೆ.

ಅಂದಿನಿಂದ ಈ ಕಾರಿನಲ್ಲೊಂದು ಹೊಸ ಕಟ್ಟಳೆ ಜಾರಿಯಲ್ಲಿದೆ. ಸೇತುವೆಯ ಏರು ಶುರುವಾದ ಕೂಡಲೇ ಯಾರೂ ಉಸಿರೆತ್ತುವಂತಿಲ್ಲ, ಮೇಷ್ಟ್ರು ಗುನುಗುವಂತಿಲ್ಲ. ಎಂಜಿನ್ನಿಗೆ ಭಾರ ಬೀಳುವುದು ಅಲ್ಲೇ. ಒಂದು ನಿಮಿಷ ಕಾರಕ್ಕ ಅದನ್ನು ಆಲಿಸಬೇಕು.

ಆಸೆ ಏನೆಂದು ಕೇಳಿದರೆ ಅವರು ಗೇರ್ ಬದಲಿಸುತ್ತಾ ಹೇಳುತ್ತಾರೆ: "ಇವರಲ್ಲಿ ಒಬ್ರಿಗಾದ್ರೂ ಬೇರೆ ಕಿಡ್ನಿ ಸಿಕ್ಕಿ, 'ನಾಳೆಯಿಂದ ಬರಬೇಡಮ್ಮ' ಅನ್ಬೇಕು. ಅಲ್ಲೀವರೆಗೆ ಇದು ಓಡಿದ್ರೆ ಸಾಕು."

ಸೇತುವೆ ಬರುತ್ತದೆ.

"ಬದುಕಿರುವಾಗಲೇ ನಮಗೆ ಒಂದು ನಿಮಿಷ ಮೌನಾಚರಣೆ" ಎಂದು ಮೇಷ್ಟ್ರು ಗೊಣಗುತ್ತಾರೆ.

"ಮೌನ ಅಂದ್ರೆ ಮೌನ ಮೇಷ್ಟ್ರೇ. ಬೆಂಚಿನ ಮೇಲೆ ನಿಲ್ಲಿಸ್ತೀನಿ ನೋಡಿ" ಎನ್ನುತ್ತಾರೆ ಹಿಂದಿನ ಸೀಟಿನ ಟೈಲರಮ್ಮ.

ಕಾರು ಏರತೊಡಗುತ್ತದೆ. ಡ್ಯಾಶ್‌ಬೋರ್ಡು ಗಡಗಡ ಎನ್ನುತ್ತದೆ. ಅದು ಮೊದಲಿನಿಂದಲೂ ಇದ್ದದ್ದು. ಬಾಗಿಲು ಕಿರುಗುಟ್ಟುತ್ತದೆ, ಅದೂ ಹಳೆಯದೇ. ಕಾರಕ್ಕನ ತಲೆ ತುಸು ವಾಲಿದೆ, ಕಣ್ಣು ರಸ್ತೆಯ ಮೇಲಿದೆ, ಕಿವಿ ಎಲ್ಲೋ ಒಳಗಿದೆ. ಮೇಷ್ಟ್ರ ಕಾಲು ಸುಳ್ಳು ಬ್ರೇಕಿನ ಮೇಲೆ ಬಿಗಿಯಾಗಿದೆ. ಏರಿನ ತುದಿ ದಾಟುತ್ತದೆ. ಆಚೆ ಆಸ್ಪತ್ರೆಯ ದೀಪಗಳು ಕಾಣುತ್ತವೆ.

"ಏನಿಲ್ಲ, ಚೆನ್ನಾಗಿದೆ" ಎನ್ನುತ್ತಾರೆ ಕಾರಕ್ಕ. "ಹಾಡಿ ಮೇಷ್ಟ್ರೇ."