ಬ್ರಹ್ಮಪುರದ ಬಾಗಿಲು ಸವರಿದ ಪೀರಪ್ಪ

"ನನ್ನ ಕಣ್ಣು ತಪ್ಪಿಸಿ ಈ ಓಣಿಯಾಗ ಸೊಳ್ಳಿ ಸೈತ ಹಾರಂಗಿಲ್ಲ. ಹಾರಿದ್ರ, ಅದು ಯಾರ ರಕ್ತ ಕುಡದದ ಅಂತ ಹೇಳ್ತೀನಿ!"

ಬ್ರಹ್ಮಪುರದ ಎಣ್ಣೆ ವ್ಯಾಪಾರಿ ಕಲ್ಯಾಣಪ್ಪ ಹೀಗೆ ಕೊಚ್ಚಿಕೊಂಡದ್ದೇ ತಡ, ಓಣಿಯವರು ಕಾವಲಿನ ಬಡಿಗೆಯನ್ನು ಅವನ ಕೈಗೇ ಕೊಟ್ಟುಬಿಟ್ಟರು. ಪೊಲೀಸ್ ಆ್ಯಕ್ಷನ್ ಮುಗಿದು ಇನ್ನೂ ವಾರವಾಗಿರಲಿಲ್ಲ. ನಿಜಾಮನ ರಾಜ್ಯ ಹೋಗಿತ್ತು, ಹೆದರಿಕೆ ಹೋಗಿರಲಿಲ್ಲ. ಲೂಟಿ ಮಾಡುವವರು ಹಗಲೇ ಬಂದು ಮನೆಗಳಿಗೆ ಗುರುತು ಹಾಕಿ ಹೋಗುತ್ತಾರೆಂಬ ಗುಲ್ಲು ಬೇರೆ. ಅಂಗಡಿ ಬಂದ್, ಬಾಗಿಲು ಬಂದ್. ಇರುವೆ ಆಕಳಿಸಿದರೂ ಕಲ್ಯಾಣಪ್ಪ ಬೆಚ್ಚಿ ಬಡಿಗೆ ಎತ್ತುವಷ್ಟು ಮೌನ.

ಅಂಥ ಮಧ್ಯಾಹ್ನ ಒಬ್ಬ ಮುದುಕ ಬಂದ. ಒಂದು ಕೈ ತಲೆಯ ಮೇಲಿನ ಬುಟ್ಟಿಗೆ, ಇನ್ನೊಂದು ಕೈ ಬಾಗಿಲಿಗೆ. ಸವರುವುದು, ನಿಲ್ಲುವುದು, ಮುಂದಿನ ಬಾಗಿಲಿಗೆ ಹೋಗುವುದು.

ಸಿಕ್ಕ ಕಳ್ಳ!

"ಏ ಮುದುಕಾ! ಯಾರ ಮನಿಗಿ ಗುರುತ ಹಾಕ್ಲಾಕತ್ತಿ?"

"ಹಾಕ್ಲಾಕತ್ತಿಲ್ರೀ ಸಾವಕಾರ್ರ, ಹುಡಕ್ಲಾಕತ್ತೀನಿ. ನಾ ಕಮಲಾಪುರದ ಪೀರಪ್ಪ. ಸಣ್ಣವಿದ್ದಾಗ ಸಿಡುಬು ಬಂದು ಕಣ್ಣು ಹೋಗ್ಯಾವ್ರಿ. ಮಗಳು ಕಸ್ತೂರಿಬಾಯಿನ ಇದೇ ಓಣಿಗಿ ಕೊಟ್ಟೀನಿ. ಗದ್ದಲ ಆದಾಗಿಂದ ಅಕಿ ಇದ್ದಾಳೋ ಇಲ್ಲೋ, ಸುದ್ದಿಲ್ಲ."

ಬುಟ್ಟಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು. ಒಳಗೆ ಬಂದೂಕು ಅಡಗಿದೆಯೋ ಎಂದು ಕಲ್ಯಾಣಪ್ಪ ಒಂದನ್ನು ಸುಲಿದ. ಖಾತ್ರಿಯಾಗದೆ ಇನ್ನೆರಡು ಸುಲಿದು, ತಿಂದೂ ನೋಡಿದ.

"ಇಷ್ಟು ವರ್ಷ ಹೆಂಗ ಬರ್ತಿದ್ದಿ?"

"ರೋಜಾ ದರ್ಗಾದ ಮುಂದ ಹಣ್ಣು ಮಾರಿ, ಅಲ್ಲಿನ ಲೋಬಾನದ ವಾಸನಿ ಬೆನ್ನಿಗಿ ಬಿಟ್ಟು ನಡೀತಿದ್ದೆ. ಕಂಚಗಾರನ ಸುತ್ತಿಗಿ ಕೇಳಿದಲ್ಲಿ ಹೊಳ್ಳೋದು. ಚುನಮರಿ ಹುರಿಯೋ ಭಟ್ಟಿ ದಾಟಿದ್ರ ಮಗಳ ನಗಿನೇ ಕೇಳ್ತಿತ್ತು. ಇವತ್ತ ಊರೇ ಬಾಯಿ ಮುಚ್ಕೊಂಡು ಕುಂತದ. ಕೂಗಿದ್ರ ಬಡೀತಾರಂತ ಅಂಜಿಕಿ. ಅಳಿಯನ ಬಾಗಲಕ್ಕ ಕುದುರಿ ಲಾಳ ಹೊಡದಾರ್ರಿ, ಅದನ್ನ ಸವರಿ ನೋಡ್ಲಾಕತ್ತೀನಿ."

ಇಷ್ಟು ಚೆನ್ನಾಗಿ ಹೇಳುವವನು ಕುರುಡನೇ? ಕಲ್ಯಾಣಪ್ಪನ ಸಂಶಯಕ್ಕೆ ಇನ್ನೊಂದು ಕೋಡು ಮೂಡಿತು.

"ನಡಿ ಹಂಗಾರ. ಎಲ್ಲೂ ಎಡವದಂಗ ನಡದಿಯಂದ್ರ ಕಣ್ಣು ಕಾಣಸ್ತಾವ ಅಂತ ಪಕ್ಕಾ, ಠಾಣೆಗಿ ಒಯ್ತೀನಿ. ಮನಿ ಸಿಗಲಿಲ್ಲಂದ್ರ ಮಗಳ ಮಾತು ಸುಳ್ಳು. ಆಗೂ ಠಾಣೆನೇ."

"ನ್ಯಾಯ ಭಾಳ ಛಲೋ ಅದ್ರಿ" ಎಂದು ಪೀರಪ್ಪ ಹೊರಟ.

ರೆಪ್ಪೆ ಮಿಟುಕುವುದನ್ನು ಹಿಡಿಯಲು ಕಲ್ಯಾಣಪ್ಪ ಅವನ ಮುಂದೆ ಬಂದು, ಮುಖಕ್ಕೆ ಮುಖವಿಟ್ಟು ಹಿಮ್ಮುಖವಾಗಿ ನಡೆಯತೊಡಗಿದ. ಪೀರಪ್ಪ ತಟ್ಟನೆ ನಿಂತ.

"ಯಾಕ ನಿಂತಿ? ಏನರ ಕಂಡ್ತೇನು?"

"ನನಗೇನು ಕಾಣಸ್ತದ್ರಿ?"

ಕಲ್ಯಾಣಪ್ಪ ಇನ್ನೊಂದು ಹೆಜ್ಜೆ ಹಿಂದಿಟ್ಟ. ಧಡಲ್! ಆ ಸಪ್ಪಳಕ್ಕೆ ಊರಿನ ಅಪ್ಪನ ಕೆರೆಯ ಮೀನುಗಳು ದಂಡೆಗೆ ಹಾರಿದವಂತೆ.

ದಿನಗಟ್ಟಲೆ ಮುಚ್ಚಿದ್ದ ಬಾಗಿಲುಗಳೆಲ್ಲ ಒಮ್ಮೆಲೇ ತೆರೆದವು. ಓಣಿಯ ಕಾವಲು ಕುತ್ತಿಗೆಯವರೆಗೆ ಗಟಾರದಲ್ಲಿತ್ತು. ಮೊದಲು ಒಬ್ಬರು ನಕ್ಕರು, ಆಮೇಲೆ ಓಣಿಗೆ ಓಣಿಯೇ. ಆ ನಗೆಗಳಲ್ಲೊಂದು ಕಿವಿಗೆ ಬಿದ್ದದ್ದೇ ಪೀರಪ್ಪನ ಬುಟ್ಟಿ ಅಲುಗಿತು.

"ಕಸ್ತೂರೀ!"

"ಯಪ್ಪಾ!" ಮಗಳು ಓಡಿ ಬಂದು ಕೈ ಹಿಡಿದಳು.

ಕಲ್ಯಾಣಪ್ಪ ಬಾಯೊಳಗಿನ ಕೆಸರು ಉಗುಳಿದ. "ಗಟಾರ ಅದ ಅಂತ ನಿನಗ ಗೊತ್ತಿತ್ತು! ಅದಕ್ಕೇ ನಿಂತಿ!"

"ನಾರತಿತ್ತಲ್ರೀ, ಗೊತ್ತಿತ್ತು. ಹಿಂದ ಗಟಾರ ಅದ್ರಿ ಅಂತ ಹೇಳಿದ್ರ, ಕಣ್ಣು ಕಾಣಸ್ತಾವ ಅಂತ ಠಾಣೆಗಿ ಒಯ್ತಿದ್ದಿರಲ್ರೀ ಸಾವಕಾರ್ರ!"