ಚುಕ್ಕಿ ನೋಡಿ ತರಿಸಿದ ಪೇಟಿ

ಗೆಳತಿಯರೇ, ಇವತ್ತು ಖಾನಾಪುರದ ನಮ್ಮ ಮನೆಯ ಸೋಮವಾರದ ಭಜನೆಗೆ ಹೊಸ ಹಾರ್ಮೋನಿಯಂ ಪೇಟಿ ಇಟ್ಟಿದ್ದೆ. ಫೋನಿನಲ್ಲಿ ಕೊಂಡವರು ಕೊಟ್ಟ ಐದು ಚುಕ್ಕಿ ನೋಡಿ ತರಿಸಿದ್ದು. ಬಾರಿಸಿದರೆ ತಗಡು ಕೆರೆದಂತೆ ಕಿರುಚಿತು. ನಮಗೆಲ್ಲ ಹಾಡು ಹೇಳಿಕೊಡುವ ಮುದುಕಿ ಗೌರಕ್ಕನ ದನಿ ಅದರಲ್ಲಿ ಮುಳುಗಿಯೇ ಹೋಯಿತು. ಅವರು ಹಾಡು ನಿಲ್ಲಿಸಿ ತಲೆ ತಗ್ಗಿಸಿದರು.

"ನನ್ನ ದನೀನ ಹೋತೇನವಾ?"

"ದನಿ ಅಲ್ಲರೀ ಅಕ್ಕಾರ, ಪೇಟಿನ ಸರಿ ಇಲ್ಲ," ಎಂದೆ.

ಆಮೇಲೆ ಫೋನು ತೆಗೆದು, ಚುಕ್ಕಿ ಕೊಟ್ಟವರ ಹೊಗಳಿಕೆಯನ್ನು ಎಲ್ಲರಿಗೂ ಕೇಳುವಂತೆ ಪೂರ್ತಿ ಓದಿದೆ. ಜಲ್ದಿ ಬಂತು, ಪ್ಯಾಕಿಂಗ್ ಚಲೋ ಐತಿ ಎಂದಷ್ಟೇ ಇತ್ತು. ಸ್ವರದ ಸುದ್ದಿಯೇ ಇಲ್ಲ.

ಎಂಬತ್ತರ ದಶಕದಲ್ಲಿ ನನ್ನ ತವರು ಬೀಡಿ ಎಂಬ ಹಳ್ಳಿಯ ಭಜನಾ ಮಂಡಳಿಯವರು ಪೇಟಿ ಕೊಳ್ಳಲು ಬೆಳಗಾವಿಗೆ ಹೊರಟಾಗ ಅಪ್ಪನ ಜೊತೆ ನಾನೂ ಬಸ್ಸು ಹತ್ತಿದ್ದೆ. ಎಲ್ಲರೂ ಅಂಗಡಿಯಲ್ಲೇ ಕುಳಿತು ಒಂದೊಂದು ಪೇಟಿಗೂ ಇಡೀ ಹಾಡು ಹೇಳಿದರು. ಹಿರಿಯರ ದನಿಗೆ ಕೂಡಿದ ಪೇಟಿಯೇ ಊರಿಗೆ ಬಂತು. ಮರಾಠಿ ಮಾತಿನ ಅಂಗಡಿಯವರು, "ಇನ್ನೊಂದು ಹಾಡ್ರಿ, ಕೇಳಿ ಗಿರಾಕಿ ನಿಂದರ್ಲಿ," ಎಂದು ತಾವೇ ತಾಳ ಹಿಡಿದಿದ್ದರು.

ಇವತ್ತು ಪೇಟಿ ಮುಚ್ಚಿಟ್ಟು ಬರೀ ಚಪ್ಪಾಳೆಯ ಮೇಲೆ ಹಾಡಿದೆವು. ಗೌರಕ್ಕನ ದನಿ ಓಣಿಯವರೆಗೂ ಕೇಳಿತು. ಮಂಗಳಾರತಿ ಮುಗಿಸಿ ಹೊರಟಾಗ ಅವರೆಂದರು: "ಆ ಚುಕ್ಕಿ ಕೊಟ್ಟವರನ್ನ ಬರೋ ಸೋಮವಾರ ಕರಿಯವಾ. ಅವರಿಗೂ ಒಂದೀಟು ಹಾಡು ಕಲಿಸೂಣು."